ಹೆಸರಿಲ್ಲದ ಹುದ್ದೆಗೆ ಹೆಸರಿಟ್ಟ ಮೂರು ತಿಂಗಳು

ಈಗ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರಿಗೆ ನಾನು ಮೊದಲು ಹೇಳುವುದು ಇಷ್ಟು: ನೇಮಕಾತಿ ಆದೇಶ ಕೈಗೆ ಬಂದ ಕೂಡಲೇ ಸಂಬಳದ ಸಾಲಿಗೆ ಹಾರಬೇಡಿ. ನಿಮ್ಮ ಹೆಸರಿನ ಕೆಳಗೆ ‘ಹುದ್ದೆ’ ಅಂತ ಒಂದು ಸಾಲು ಇರುತ್ತದಲ್ಲ, ಅದನ್ನು ಎರಡು ಸಲ ಓದಿ. ನಾನು ಓದದೆ ಸಹಿ ಹಾಕಿದವಳು. ಅದರ ಫಲವನ್ನು ಮೂವತ್ತೊಂದು ವರ್ಷ ಉಂಡೆ. ಅಷ್ಟಾದರೂ ಬುದ್ಧಿ ಬರಲಿಲ್ಲ. ನಿವೃತ್ತಿಗೆ ಮೂರು ತಿಂಗಳಿರುವಾಗ ಮತ್ತೊಬ್ಬರ ವಿಷಯದಲ್ಲಿ ಅದೇ ತಪ್ಪು ಮಾಡಿ, ನಾಗರಾಜು ಎಂಬ ಒಳ್ಳೆಯ ಕೆಲಸಗಾರನ ಅನ್ನಕ್ಕೆ ಕಲ್ಲು ಹಾಕುವುದರಲ್ಲಿದ್ದೆ. ಅದು ಹೇಗಾಯಿತು, ಹೇಗೆ ಸರಿಹೋಯಿತು ಎಂಬುದನ್ನು ಮುಚ್ಚುಮರೆಯಿಲ್ಲದೆ ಬರೆದಿಡುತ್ತೇನೆ.

ನಾನು ಕೆಲಸ ಮಾಡಿದ್ದು ಒಂದು ಶಿಕ್ಷಣ ಸಂಸ್ಥೆಯಲ್ಲಿ. ತುಮಕೂರಿನಲ್ಲಿ ಪದವಿ ಕಾಲೇಜು, ಗುಬ್ಬಿಯಲ್ಲಿ ಪಿ.ಯು. ಕಾಲೇಜು, ಕುಣಿಗಲ್ಲಿನಲ್ಲಿ ಪ್ರೌಢಶಾಲೆ. ನನ್ನ ಹುದ್ದೆ ಟೈಪಿಸ್ಟ್. ಸೇರಿದ ದಿನ ಅದು ನಿಜವೇ ಆಗಿತ್ತು. ಎರಡು ಟೈಪ್‌ರೈಟರ್, ಒಂದು ಕನ್ನಡದ್ದು, ಒಂದು ಇಂಗ್ಲಿಷಿನದು. ಬೆಳಿಗ್ಗೆ ಒಂಬತ್ತೂವರೆಗೆ ಅವುಗಳ ಮೇಲಿನ ಹೊದಿಕೆ ತೆಗೆಯುವುದು, ಸಂಜೆ ಐದೂವರೆಗೆ ಹೊದಿಸುವುದು. ನಮ್ಮ ತಂದೆ ಗುಬ್ಬಿ ರೈಲು ನಿಲ್ದಾಣದಲ್ಲಿ ಕೆಲಸಕ್ಕಿದ್ದರು. ನಮ್ಮ ಮನೆಯಲ್ಲಿ ಊಟ, ನಿದ್ದೆ, ಹುಡುಗರ ಜಗಳ ಕೂಡ ಗಾಡಿಯ ಹೊತ್ತಿಗೆ ಸರಿಯಾಗಿ ಮುಗಿಯಬೇಕು. ಹಾಗಾಗಿ ಈ ಶಿಸ್ತು ನನಗೆ ಭಾರವೆನಿಸಲಿಲ್ಲ.

ಆಮೇಲೆ ಮೊದಲ ಕಂಪ್ಯೂಟರ್ ಬಂತು. ಅದಕ್ಕೊಂದು ಕೋಣೆ, ಕಿಟಕಿಗೆ ಪರದೆ, ಬಾಗಿಲಲ್ಲಿ ಚಪ್ಪಲಿ ಬಿಡಬೇಕು. ಯಾರಿಗೆ ವಹಿಸುವುದು ಎಂಬ ಪ್ರಶ್ನೆ ಎದ್ದಾಗ ಅಂದಿನ ಪ್ರಾಂಶುಪಾಲರು ಒಂದೇ ಮಾತಿನಲ್ಲಿ ಮುಗಿಸಿದರು: “ಗಿರಿಜಮ್ಮಂಗೆ ಟೈಪ್ ಬರುತ್ತೆ. ಇದರಲ್ಲೂ ಅದೇ ಅಕ್ಷರ ತಾನೆ ಇರೋದು?” ಒಂದು ಕಂಪ್ಯೂಟರ್ ಹತ್ತಾಯಿತು. ಪ್ರಿಂಟರ್ ಬಂತು, ಯುಪಿಎಸ್ ಬಂತು, ಇಂಟರ್‌ನೆಟ್ ಬಂತು, ಕ್ಯಾಮೆರಾ ಬಂತು, ತರಗತಿಯ ಪ್ರೊಜೆಕ್ಟರ್, ಸಭಾಂಗಣದ ಮೈಕು, ಗಂಟೆ ಹೊಡೆಯುವ ಯಂತ್ರ, ದಾಖಲಾತಿಯ ಆನ್‌ಲೈನ್ ಅರ್ಜಿ. ವೈರು ಇರುವುದೆಲ್ಲ ಗಿರಿಜಮ್ಮನದು ಎಂದು ಯಾರೂ ಬರೆಯಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಸಿಬ್ಬಂದಿ ಕೊಠಡಿಯ ಚಹಾ ಕೆಟಲ್ ಕೆಟ್ಟಾಗಲೂ ನನ್ನನ್ನೇ ಕರೆದರು. ನಾನೂ ಹೋದೆ. ನನ್ನ ಸಂಬಳದ ಚೀಟಿಯಲ್ಲಿ ಮಾತ್ರ ಕೊನೆಯವರೆಗೂ ‘ಟೈಪಿಸ್ಟ್’.

ಕೆಲಸ ಕಲಿತದ್ದು ತಪ್ಪು ಮಾಡಿಯೇ. ದೊಡ್ಡದೊಂದನ್ನು ಹೇಳುತ್ತೇನೆ. ಮೂರೂ ಊರುಗಳಲ್ಲಿ ಹಾಜರಾತಿಗೆ ಹೆಬ್ಬೆಟ್ಟು ಒತ್ತುವ ಯಂತ್ರ ಹಾಕಿಸಿದ್ದರು. ಎಲ್ಲದರ ಲೆಕ್ಕ ತುಮಕೂರಿನ ನನ್ನ ಕೋಣೆಯ ಸರ್ವರ್‌ಗೆ ಬಂದು ಸೇರುತ್ತಿತ್ತು. ನಾನು ಟೈಪ್‌ರೈಟರ್ ಕಾಲದ ಅಭ್ಯಾಸದಂತೆ ಐದೂವರೆಗೆ ಸರಿಯಾಗಿ ಮೇನ್ ಸ್ವಿಚ್ ಆರಿಸಿ, ಸರ್ವರ್‌ಗೂ ಒಂದು ಬಟ್ಟೆ ಹೊದಿಸಿ ಮನೆಗೆ ಹೋಗುತ್ತಿದ್ದೆ. ಬೆಳಿಗ್ಗೆ ಒಂಬತ್ತೂವರೆಗೆ ಬಂದು ಹಾಕುತ್ತಿದ್ದೆ. ಆ ಯಂತ್ರವೋ, ಹೆಬ್ಬೆಟ್ಟು ಒತ್ತಿದ ಹೊತ್ತನ್ನು ಬಿಟ್ಟು, ಲೆಕ್ಕ ತುಮಕೂರಿಗೆ ತಲುಪಿದ ಹೊತ್ತನ್ನು ಬರೆದುಕೊಳ್ಳುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಮೂರೂ ಕಡೆಯ ಸಿಬ್ಬಂದಿಯೆಲ್ಲ ದಿನಾ ತಡ. ಎಲ್ಲರಿಗೂ ನೋಟಿಸು.

ಗುಬ್ಬಿಯ ಪ್ರಾಂಶುಪಾಲರು ಲಲಿತಮ್ಮನವರು. ತಮ್ಮ ನೋಟಿಸನ್ನು ಕೈಯಲ್ಲೇ ಹಿಡಿದುಕೊಂಡು ಬಸ್ಸು ಹತ್ತಿ ಬಂದರು.

“ಏನ್ರೀ ಗಿರಿಜಾ, ನಾನು ಒಂದು ವಾರದಿಂದ ಲೇಟಂತೆ? ನಮ್ಮ ಕಾಲೇಜಿನ ಗೇಟ್ ತೆಗೆಯೋಳೇ ನಾನು!”

“ಮೇಡಂ, ಯಂತ್ರ ಹಂಗೆ ತೋರಿಸ್ತಾ ಇದೆ...”

“ಯಂತ್ರ ಎಷ್ಟು ಗಂಟೆಗೆ ಬರುತ್ತೆ ಕೆಲಸಕ್ಕೆ? ಅದನ್ನ ಹೇಳಿ ಮೊದಲು.”

ಆಗ ನನ್ನ ತಪ್ಪು ಹೊಳೆಯಿತು. ಬಟ್ಟೆ ತೆಗೆದೆ. ಅಂದಿನಿಂದ ಸರ್ವರ್ ಆರಿಸಲಿಲ್ಲ. ಲಲಿತಮ್ಮನವರು ನಕ್ಕು, ನನ್ನ ಡಬ್ಬಿಯ ಚಿತ್ರಾನ್ನ ತಿಂದು ಹೋದರು. ನೋಟಿಸು ಹಿಂದಕ್ಕೆ ಪಡೆಯುವ ಪತ್ರವನ್ನೂ ನಾನೇ ಟೈಪು ಮಾಡಬೇಕಾಯಿತು, ಒಬ್ಬೊಬ್ಬರಿಗೂ ಬೇರೆ ಬೇರೆ.

ಇನ್ನು ನಾಗರಾಜುವಿನ ವಿಷಯ. ಹುಲಿಯೂರುದುರ್ಗದವನು. ಐಟಿಐ ಮಾಡಿ ಊರಿನಲ್ಲಿ ಟಿ.ವಿ. ರಿಪೇರಿ ಅಂಗಡಿ ಇಟ್ಟಿದ್ದ. ಜನ ಟಿ.ವಿ. ರಿಪೇರಿ ಮಾಡಿಸುವುದನ್ನು ಬಿಟ್ಟ ಮೇಲೆ ಅಂಗಡಿ ಮುಚ್ಚಿ, ಕುಣಿಗಲ್ ಶಾಲೆಯ ಗಂಟೆ ಸರಿಮಾಡಲು ಬಂದವನು ಅಲ್ಲೇ ಉಳಿದ. ಉಳಿದದ್ದು ಹಂಗಾಮಿಯಾಗಿ. ಆ ‘ಹಂಗಾಮಿ’ ಒಂಬತ್ತು ವರ್ಷ ನಡೆಯಿತು. ವಾರದಲ್ಲಿ ಮೂರು ದಿನ ಕುಣಿಗಲ್, ಎರಡು ದಿನ ಗುಬ್ಬಿ, ಶನಿವಾರ ತುಮಕೂರಿನಲ್ಲಿ ನನ್ನ ಜೊತೆ. ಅವನಿಗಾಗ ನಲವತ್ತೊಂದು ವರ್ಷ, ಇಬ್ಬರು ಮಕ್ಕಳು, ಹೆಂಡತಿ ಅಂಗನವಾಡಿಯಲ್ಲಿ ಸಹಾಯಕಿ.

ಅವನ ಬುದ್ಧಿ ಎಂಥದ್ದು ಎಂದು ನನಗೆ ಗೊತ್ತಾದದ್ದು ಗುಬ್ಬಿಯ ಪ್ರೊಜೆಕ್ಟರ್ ವಿಷಯದಲ್ಲಿ. ಅದು ದಿನಾ ಮೂರನೆಯ ಪೀರಿಯಡ್‌ನಲ್ಲಿ ತಾನಾಗಿಯೇ ಆರಿಹೋಗುತ್ತಿತ್ತು. ನಾನು ಎರಡು ಸಲ ಹೋಗಿ ನನ್ನ ಪಟ್ಟಿಯ ಪ್ರಕಾರ ವೈರು, ಬಲ್ಬು, ಫ್ಯಾನು, ಫಿಲ್ಟರು ಎಲ್ಲ ನೋಡಿದೆ. ಎಲ್ಲ ಸರಿ. ಹೊಸದು ತರಿಸೋಣ ಎಂದು ಬರೆದೂ ಬಿಟ್ಟೆ. ಮೂರನೆಯ ಸಲ ನಾಗರಾಜು ನನ್ನ ಜೊತೆ ಬಂದ. ಅವನು ಏನನ್ನೂ ಬಿಚ್ಚಲಿಲ್ಲ. ಹಿಂದಿನ ಬೆಂಚಿನಲ್ಲಿ ಹುಡುಗರ ಜೊತೆ ಕೂತು ಜೀವಶಾಸ್ತ್ರ ಕೇಳಿದ. ಪ್ರೊಜೆಕ್ಟರ್ ಆರಿದ ತಕ್ಷಣ ಎದ್ದು ಹೊರಗೆ ಹೋದ. ಐದು ನಿಮಿಷಕ್ಕೆ ಕೈಯಲ್ಲಿ ಒಂದಿಷ್ಟು ಚಟ್ನಿ ಹಿಡಿದುಕೊಂಡು ಬಂದ.

“ನೋಡಿ ಮೇಡಂ, ಇದೇ ಕಾಯ್ಲೆ.”

“ಏನಪ್ಪಾ ಇದು?”

“ಕಾಯಿ ಚಟ್ನಿ. ಹಾಸ್ಟೆಲ್ ಅಡುಗೆಮನೇಲಿ ಹನ್ನೊಂದು ಗಂಟೆಗೆ ಗ್ರೈಂಡರ್ ಹಾಕ್ತಾರೆ. ಎಲ್ಡೂ ಒಂದೇ ಲೈನು. ಗ್ರೈಂಡರ್ ಎಳ್ಕಂಡಾಗ ಇದಕ್ಕೆ ಉಸ್ರು ನಿಂತೋಯ್ತದೆ. ರುಚಿ ನೋಡಿ, ಚೆನ್ನಾಗೈತೆ.”

ಲೈನು ಬೇರೆ ಮಾಡಿದ. ಹೊಸ ಪ್ರೊಜೆಕ್ಟರಿನ ಅರ್ಜಿಯನ್ನು ನಾನು ಹರಿದು ಹಾಕಿದೆ.

ನಮ್ಮಿಬ್ಬರದು ಯಾವ ವಿಭಾಗ ಎಂಬುದೇ ಸಂಸ್ಥೆಯಲ್ಲಿ ತೀರ್ಮಾನವಾಗಿರಲಿಲ್ಲ. ಆಯುಧಪೂಜೆ ಬಂದಾಗ ಇದು ಎದ್ದು ಕಾಣುತ್ತಿತ್ತು. ಪ್ರತಿ ವಿಭಾಗವೂ ತನ್ನ ತನ್ನ ಸಾಮಾನಿಗೆ ಪೂಜೆ ಮಾಡಿ ಪುರಿ ಕಡ್ಲೆ ಹಂಚುವ ಪದ್ಧತಿ. ಭೌತಶಾಸ್ತ್ರದವರು “ನೀವು ಆಫೀಸಿನೋರು” ಎನ್ನುತ್ತಿದ್ದರು. ಆಫೀಸಿನವರು “ನೀವು ಲ್ಯಾಬಿನೋರಲ್ವಾ?” ಎನ್ನುತ್ತಿದ್ದರು. ಪುರಿಯ ಚೀಲ ಎರಡೂ ಕಡೆಯಿಂದ ನಮ್ಮನ್ನು ದಾಟಿ ಹೋಗುತ್ತಿತ್ತು. ಕಡೆಗೆ ನಾಗರಾಜು ಯುಪಿಎಸ್ ಮೇಲೆ ಒಂದು ಬಾಳೆ ಎಲೆ ಹಾಸಿ, ಸ್ಕ್ರೂಡ್ರೈವರ್, ಟೆಸ್ಟರ್, ಕೀಬೋರ್ಡ್ ಇಟ್ಟು ನಮ್ಮದೇ ಪೂಜೆ ಶುರುಮಾಡಿದ. ಅವನಿಗೆ ಭಕ್ತಿ ಜಾಸ್ತಿ. ಕುಂಕುಮದ ಬಟ್ಟಲು ಹಿಡಿದು ಸರ್ವರ್ ಕಡೆ ಹೊರಟರೆ ನಾನು ಅಡ್ಡ ನಿಲ್ಲಬೇಕಾಗುತ್ತಿತ್ತು.

“ಮೇಲ್ಗಡೆ ಹಚ್ಚು ಮಾರಾಯ, ತೂತಿನೊಳಗೆ ಹಾಕಬೇಡ.”

“ದೇವ್ರು ಒಳಗಡೆ ಅಲ್ವಾ ಮೇಡಂ ಇರೋದು?”

“ಒಳಗಡೆ ಇರೋದು ದಾಖಲಾತಿ ಪಟ್ಟಿ. ಸುಮ್ಮನೆ ಮಂಗಳಾರತಿ ಮಾಡು.”

ನನ್ನ ನಿವೃತ್ತಿ ಮೇ ಕೊನೆಗೆ. ಮಾರ್ಚಿ ಮೊದಲ ವಾರ ಕಾರ್ಯದರ್ಶಿ ಪಂಚಾಕ್ಷರಯ್ಯನವರು ಕರೆಸಿದರು. ನೇರ ಮಾತಿನ ಮನುಷ್ಯ, ಮಾತು ಮುಗಿಯುವ ಮುಂಚೆ ಎದ್ದು ನಿಲ್ಲುವ ಅಭ್ಯಾಸ.

“ನೋಡಮ್ಮ ಗಿರಿಜಾ, ನೀನು ಹೋದಮೇಲೆ ಟೈಪಿಸ್ಟ್‌ನ ತಗೊಂಡು ನಾನೇನು ಮಾಡ್ಲಿ? ಈ ಹುದ್ದೆಗೆ ಸರಿಯಾದ ಹೆಸರು ಇಟ್ಟುಕೊಡು. ಕಾಯಂ ಹುದ್ದೆ ಮಾಡೋಣ. ಆ ಹಂಗಾಮಿ ಲೆಕ್ಕ ಅಲ್ಲಿಗೆ ಮುಗೀತು. ಇನ್ನು ಮೂರೂ ಕಡೆಗೆ ಒಬ್ಬರೇ.”

ನಾನು ಹೊರಗೆ ಬಂದಾಗ ಸಂತೋಷದಿಂದ ಇದ್ದೆ. ನಾಗರಾಜು ಕಾಯಂ ಆದ ಎಂದೇ ಲೆಕ್ಕ ಹಾಕಿದೆ. ಅವನಲ್ಲದೆ ಇನ್ಯಾರು? ಆದರೆ ಆ ಮಾತಿಗೆ ಇನ್ನೊಂದು ಮುಖವಿತ್ತು. ಹಂಗಾಮಿ ಮುಗಿಯಿತು ಎಂದರೆ, ಈ ಹುದ್ದೆ ಅವನಿಗೆ ಸಿಗದಿದ್ದರೆ ಜೂನ್ ಒಂದರಿಂದ ಅವನಿಗೆ ಕೆಲಸವೇ ಇಲ್ಲ.

ಹೆಸರು ಯಾವುದೆಂದು ಶನಿವಾರ ಚಹಾದ ಹೊತ್ತಿಗೆ ಎಲ್ಲರನ್ನೂ ಕೇಳಿದೆ. ಒಬ್ಬೊಬ್ಬರದು ಒಂದೊಂದು. ‘ಕಂಪ್ಯೂಟರ್ ಆಪರೇಟರ್’ ಎಂದರು ಕೆಲವರು. ‘ತಾಂತ್ರಿಕ ಸಹಾಯಕ’ ಎಂದರು ಇನ್ನು ಕೆಲವರು. ಸಹಾಯಕ ಎಂದರೆ ಎಲ್ಲರೂ ಕುರ್ಚಿ ಎತ್ತಿಡು ಅನ್ನುತ್ತಾರೆ, ನಾನು ಒಪ್ಪಲಿಲ್ಲ. ಕನ್ನಡ ಉಪನ್ಯಾಸಕರು ‘ತಂತ್ರಜ್ಞಾನ ನಿರ್ವಾಹಕ’ ಎಂದು ಚಂದದ ಹೆಸರು ಹೇಳಿದರು.

ನಾಗರಾಜು ಲೋಟ ಕೆಳಗಿಟ್ಟ. “ಬಸ್ಸಲ್ಲಿ ಬಾಗ್ಲು ಪಕ್ಕದ ಸೀಟ್ ಮ್ಯಾಲೆ ಅದೇ ಬರ್ದೌರಲ್ವಾ ಸಾರ್? ನಂಗೆ ವಿಜಿಲ್ಲೂ ಕೊಡ್ತೀರಾ?”

ಎಲ್ಲರೂ ನಕ್ಕರು. ಅಲ್ಲಿಗೆ ಅದೂ ಬಿತ್ತು. “ನಿನಗೆ ಯಾವುದು ಬೇಕಪ್ಪಾ?” ಎಂದು ಒಂದು ಮಾತು ಅವನನ್ನು ಕೇಳಬೇಕಿತ್ತು. ನಾನು ಕೇಳಲಿಲ್ಲ. ಮೂವತ್ತೊಂದು ವರ್ಷ ಟೈಪಿಸ್ಟ್ ಆಗಿದ್ದವಳಿಗೆ, ನನ್ನ ಮುಂದಿನವರಾದರೂ ದೊಡ್ಡ ಹೆಸರಿನಲ್ಲಿ ಕೂರಲಿ ಎಂಬ ಹಟ. ‘ಸಿಸ್ಟಮ್ಸ್ ಮ್ಯಾನೇಜರ್’ ಎಂದು ಬರೆದು ಕೊಟ್ಟೆ. ಕಾರ್ಯದರ್ಶಿಗಳಿಗೆ ಬಹಳ ಹಿಡಿಸಿತು. ತಪಾಸಣಾ ಸಮಿತಿ ಬಂದಾಗ ತೋರಿಸಬಹುದು ಎಂದರು.

ಅಲ್ಲಿಂದ ಕಾಗದ ಆಫೀಸ್ ಸೂಪರಿಂಟೆಂಡೆಂಟ್ ಶ್ರೀನಿವಾಸಮೂರ್ತಿಯವರ ಮೇಜಿಗೆ ಹೋಯಿತು. ಅವರ ಹತ್ತಿರ ಹುದ್ದೆಗಳ ಒಂದು ಚಾರ್ಟ್ ಇದೆ. ಯಾವ ಹುದ್ದೆಗೆ ಯಾವ ವಿದ್ಯಾರ್ಹತೆ, ಎಷ್ಟು ವಯಸ್ಸು ಎಲ್ಲ ಅದರಲ್ಲಿ. ಅವರು ಅದನ್ನು ಮೀರಿ ಉಸಿರೂ ಬಿಡುವವರಲ್ಲ. ಮ್ಯಾನೇಜರ್ ಎಂದರೆ ಚಾರ್ಟಿನ ಪ್ರಕಾರ ಎಂಜಿನಿಯರಿಂಗ್ ಪದವಿ, ವಯಸ್ಸು ಮೂವತ್ತೈದು ದಾಟಿರಬಾರದು. ಅವರು ಅದನ್ನು ಕೆಳಗೆ ಸೇರಿಸಿ, ಹೆಸರು ಸೂಚಿಸಿದವಳು ನಾನಾದ್ದರಿಂದ ನನ್ನ ಸಹಿಗೆ ಕಳಿಸಿದರು. ಮೇಲಿನ ಹೆಸರನ್ನು ನೋಡಿ ಖುಷಿಯಿಂದ ಸಹಿ ಹಾಕಿದೆ. ಕೆಳಗಿನ ಸಾಲುಗಳನ್ನು ಓದಲಿಲ್ಲ. ಎಲ್ಲರಿಗೂ ಓದಿ ಸಹಿ ಹಾಕಿ ಎನ್ನುವವಳು ನಾನು!

ಪ್ರಕಟಣೆ ಮೂರೂ ಊರಿನ ನೋಟಿಸ್ ಬೋರ್ಡಿಗೆ ಬಿತ್ತು. ಮುಂದಿನ ಶನಿವಾರ ಪತ್ರಿಕೆಯಲ್ಲಿ ಜಾಹೀರಾತು ಬರಬೇಕಿತ್ತು. ಸೋಮವಾರ ನಾಗರಾಜುವಿನ ಫೋನು.

“ಮೇಡಂ, ಬುಧವಾರ ಒಂದಿನ ರಜ ಬೇಕಾಗಿತ್ತು.”

ಒಂಬತ್ತು ವರ್ಷದಲ್ಲಿ ಹೆಂಡತಿಯ ಹೆರಿಗೆಗೆ ಬಿಟ್ಟರೆ ರಜ ಕೇಳಿದವನಲ್ಲ. “ಯಾಕಪ್ಪಾ, ಮೈ ಹುಷಾರಿಲ್ವಾ?”

“ಇಲ್ಲ ಇಲ್ಲ, ಚೆನ್ನಾಗಿವ್ನಿ. ದುರ್ಗದ ಬಸ್‌ಸ್ಟ್ಯಾಂಡ್ ತಾವ ಒಂದು ಅಂಗಡಿ ಖಾಲಿ ಐತಂತೆ. ನೋಡ್ಕಂಡ್ ಬರಾನ ಅಂತ.”

“ಅಂಗಡಿ ಯಾಕೆ?”

“ನೋಟಿಸ್ ಬೋರ್ಡ್ ನೋಡುದ್ನಲ್ಲ ಮೇಡಂ,” ಎಂದ.

ನಾನು ಫೋನಿಟ್ಟು ನಮ್ಮ ಬೋರ್ಡಿನ ಮುಂದೆ ಹೋಗಿ ನಿಂತೆ. ಕನ್ನಡಕ ಹಾಕಿ ಮೊದಲಿನಿಂದ ಕೊನೆಯವರೆಗೆ ಓದಿದೆ. ಕೊನೆಯಲ್ಲಿ ನನ್ನದೇ ಸಹಿ, ದುಂಡಗೆ, ನೇರವಾಗಿ.

ಮರುದಿನ ಮೊದಲ ಬಸ್ಸಿಗೆ ಕುಣಿಗಲ್ಲಿಗೆ ಹೋದೆ. ನಾಗರಾಜು ಶಾಲೆಯ ವರಾಂಡದಲ್ಲಿ ಏಣಿ ಹಾಕಿಕೊಂಡು ಕ್ಯಾಮೆರಾ ಒರೆಸುತ್ತಿದ್ದ. ನನ್ನನ್ನು ನೋಡಿ ಇಳಿದ.

“ನಾನು ಓದದೆ ಸಹಿ ಹಾಕಿದೆ ಕಣಪ್ಪಾ,” ಎಂದೆ. ಸುತ್ತಿ ಬಳಸಿ ಹೇಳಲು ಬರಲಿಲ್ಲ.

“ಬುಡಿ ಮೇಡಂ, ನಂಗೊತ್ತಿಲ್ವಾ? ನೀವು ಬೇಕಂತ ಮಾಡ್ತೀರಾ?” ಎಂದ. “ನಮ್ಮನೇಲಿ ಮಾತ್ರ ಬೈಯ್ತಾವ್ಳೆ. ‘ನಿಮ್ ಮೇಡಮ್ಮು ಯಾರ್ಗೋ ಕೋಟು ಹೊಲ್ಸವ್ರೆ, ನಿಂಗೆ ತೋಳು ಹೋಗಾಕಿಲ್ಲ’ ಅಂತ.”

ಅವನ ಹೆಂಡತಿಯ ಮಾತು ಸರಿಯಾಗಿತ್ತು. ಆಗ ನಾನು ಕೇಳಬೇಕಿದ್ದ ಪ್ರಶ್ನೆಯನ್ನು ಕೇಳಿದೆ. “ಈ ಕೆಲಸಕ್ಕೆ ನೀನು ಏನಂತ ಹೇಳ್ತೀಯಾ?”

ಏಣಿ ಮಡಿಸುತ್ತ ಯೋಚಿಸಿದ. “ಮಗಳ ಸ್ಕೂಲ್ ಫಾರಂನಾಗೆ ತಂದೆ ಉದ್ಯೋಗ ಅಂತ ಇರ್ತದೆ. ಅವ್ಳು ಒಂದ್ ವರ್ಷ ಕರೆಂಟು ಅಂತ ಬರೀತಾಳೆ, ಒಂದ್ ವರ್ಷ ಕಂಪ್ಯೂಟರ್ರು ಅಂತಾಳೆ. ಹೋದ್ ವರ್ಷ ಟೀಚರ್ ಅಂತ ಬರ್ದವ್ಳೆ. ಮೂರೂ ನಿಜವೇ. ನಾನೇನ್ ಹೇಳ್ಲಿ?”

ಬುಧವಾರ ರಜ ಕೊಡುವುದಿಲ್ಲ, ತುಮಕೂರಿಗೆ ಬಾ ಎಂದು ಹೇಳಿ ಬಂದೆ.

ನನ್ನ ಹತ್ತಿರ ಕೆಲಸದ ಪುಸ್ತಕ ಇತ್ತು. ಯಾರು ಕರೆದರು, ಎಲ್ಲಿ, ಏನಾಗಿತ್ತು, ಏನು ಮಾಡಿದೆವು, ದಿನಾ ಒಂದೊಂದು ಸಾಲು. ಇದನ್ನು ನೀವೂ ಇಡಿ. ಹೊಗಳಿಕೆಯ ಪತ್ರಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆ ಬುಧವಾರ ಬೆಳಿಗ್ಗೆ ಹಿಂದಿನ ಒಂದು ವರ್ಷದ ಸಾಲುಗಳನ್ನು ಹಳೆಯ ಉತ್ತರಪತ್ರಿಕೆಯ ಖಾಲಿ ಹಾಳೆಗಳ ಚೀಟಿಗಳಲ್ಲಿ ಬರೆದುಕೊಂಡೆವು. ಆಮೇಲೆ ಮೇಜಿನ ಮೇಲೆ ಗುಡ್ಡೆ ಮಾಡಲು ಕೂತೆವು. ಕಂಪ್ಯೂಟರಿನದು ಒಂದು, ಇಂಟರ್‌ನೆಟ್ಟಿನದು ಒಂದು, ಕರೆಂಟಿನದು ಒಂದು, ಕಲಿಸಿಕೊಟ್ಟದ್ದು ಒಂದು.

ಪ್ರತಿ ಚೀಟಿಗೂ ಜಗಳ. “ಇದು ಇಂಟರ್‌ನೆಟ್,” ಎಂದು ನಾನು ಇಟ್ಟರೆ ನಾಗರಾಜು ಎತ್ತಿ ನೋಡುವನು.

“ಇದು ಇಂಟರ್‌ನೆಟ್ ಅಲ್ಲ ಮೇಡಂ, ಇಲಿ. ಲೈಬ್ರರೀಲಿ ಕೇಬಲ್ ಕಡ್ದಿತ್ತು.”

“ಇಲಿಗೆ ಬೇರೆ ಗುಡ್ಡೆ ಮಾಡಕ್ಕಾಗುತ್ತಾ?”

“ಮಾಡಿ. ಇನ್ನೂ ಮೂರು ಚೀಟಿ ಅವೆ.”

ಮಧ್ಯಾಹ್ನದ ಹೊತ್ತಿಗೆ ಗುಡ್ಡೆಗಳು ಮಾತಾಡಿದವು. ನಾನು ದೊಡ್ಡದಿರುತ್ತದೆ ಎಂದುಕೊಂಡಿದ್ದ ಕಂಪ್ಯೂಟರ್ ಗುಡ್ಡೆ ಚಿಕ್ಕದು. ಎಲ್ಲಕ್ಕಿಂತ ಎತ್ತರ ಇದ್ದದ್ದು ಕಲಿಸಿಕೊಟ್ಟದ್ದರ ಗುಡ್ಡೆ. ಅದರ ನಂತರ ಹೋಗಿ ನೋಡಿ ಮತ್ತೆ ನಡೆಯುವ ಹಾಗೆ ಮಾಡಿದ್ದು. ಎಂಜಿನಿಯರಿಂಗ್ ಪದವಿ ಬೇಕಾದ ಚೀಟಿಗಳನ್ನು ಬೇರೆ ಇಡೋಣ ಎಂದು ಹುಡುಕಿದೆವು. ಕೈಗೆ ಕೆಲವೇ ಬಂದವು, ಅವುಗಳಿಗೆ ನಾವು ಹೊರಗಿನಿಂದಲೇ ಜನ ಕರೆಸಿದ್ದೆವು.

ಹಾಳೆಯಲ್ಲಿ ಮೊದಲು ಕೆಲಸಗಳನ್ನು ಬರೆದೆ. ಆ ಕೆಲಸಕ್ಕೆ ಬೇಕಾದ ಓದು ಮತ್ತು ಅನುಭವವನ್ನು ಅದರ ಕೆಳಗೆ ಬರೆದೆ: ಐಟಿಐ ಅಥವಾ ಡಿಪ್ಲೊಮಾ, ಐದು ವರ್ಷ ಅನುಭವ, ಸಂಸ್ಥೆಯಲ್ಲಿ ಈಗಾಗಲೇ ದುಡಿಯುತ್ತಿರುವವರಿಗೆ ವಯಸ್ಸಿನ ಸಡಿಲಿಕೆ. ಹೆಸರನ್ನು ಎಲ್ಲ ಮುಗಿದ ಮೇಲೆ ಮೇಲ್ಗಡೆ ಬರೆದೆ: ‘ತಾಂತ್ರಿಕ ಮೇಲ್ವಿಚಾರಕ’. ನಾಗರಾಜುವಿಗೆ ತೋರಿಸಿದೆ. ಎರಡು ಸಲ ಓದಿ, “ಇದು ನನ್ನ ಅಳತೇದು,” ಎಂದ.

ಶ್ರೀನಿವಾಸಮೂರ್ತಿಯವರು ಹಾಳೆ ನೋಡಿ ತಲೆಯಾಡಿಸಿದರು. “ಆಗಲ್ಲ ಮೇಡಂ. ಚಾರ್ಟ್‌ನಲ್ಲಿ ಈ ಹೆಸರೇ ಇಲ್ಲ.”

“ಸರ್, ಆ ಚಾರ್ಟ್ ಟೈಪ್ ಮಾಡಿದೋಳೇ ನಾನು. ಅದರಲ್ಲಿ ಟೆಲಿಫೋನ್ ಆಪರೇಟರ್ ಇದಾರೆ. ಎಲ್ಲಿದಾರೆ, ತೋರಿಸಿ?”

“ಅದು... ಹುದ್ದೆ ಇದೆ, ಜನ ಇಲ್ಲ.”

“ಇಲ್ಲಿ ಜನ ಇದಾರೆ, ಹುದ್ದೆ ಇಲ್ಲ. ಕಾರ್ಯದರ್ಶಿಗಳ ಹತ್ತಿರ ಹೋಗೋಣ ಬನ್ನಿ.”

ಪಂಚಾಕ್ಷರಯ್ಯನವರು ಹುಬ್ಬು ಗಂಟಿಕ್ಕಿದರು. “ನೀನೇ ಇಟ್ಟ ಹೆಸರಲ್ವೇನಮ್ಮಾ? ನಾನು ಸಮಿತಿಯೋರಿಗೂ ಹೇಳಿಬಿಟ್ಟಿದೀನಿ.”

“ಹೌದು ಸರ್. ತಪ್ಪಿಟ್ಟೆ. ಕೆಲಸ ನೋಡದೆ ಹೆಸರಿಟ್ಟೆ.”

ಅವರು ಹಾಳೆ ಓದಿದರು. ಎದ್ದು ನಿಂತರು. ಮಾತು ಮುಗಿಯಿತು ಎಂದುಕೊಂಡೆ. ಮತ್ತೆ ಕೂತರು. “ಇದು ಆ ನಾಗರಾಜನ ನೋಡ್ಕೊಂಡು ಹೊಲಿದಿರೋ ಅಂಗಿ ಅಂತ ನಾಳೆ ಜನ ಅಂದ್ರೆ?”

ಅದು ನ್ಯಾಯವಾದ ಮಾತು. ಅದಕ್ಕೆ ಅವರೇ ದಾರಿ ಹೇಳಿದರು. ಹೊಸ ಹೆಸರಿನಲ್ಲಿ ಜಾಹೀರಾತು ಬರಲಿ, ಯಾರು ಬೇಕಾದರೂ ಅರ್ಜಿ ಹಾಕಲಿ, ಎಲ್ಲರಿಗೂ ಒಂದೇ ಪರೀಕ್ಷೆ. ಪರೀಕ್ಷೆ ನಡೆಸುವುದು ಲಲಿತಮ್ಮನವರು, ಗುಬ್ಬಿಯಲ್ಲಿ. ನಾನು ಬಾಯಿ ಬಿಡಬಾರದು. ಒಪ್ಪಿದೆ. ಬೇರೆ ದಾರಿಯೂ ಇರಲಿಲ್ಲ.

ಪರೀಕ್ಷೆಯ ದಿನ ನಾಲ್ವರು ಬಂದಿದ್ದರು. ನಾನು ಗೋಡೆ ಪಕ್ಕದ ಸ್ಟೂಲಿನಲ್ಲಿ ಕೈಕಟ್ಟಿ ಕೂತೆ. ಮೊದಲನೆಯದು ಕೆಡಿಸಿಟ್ಟಿದ್ದ ಕಂಪ್ಯೂಟರ್ ಸರಿಮಾಡುವುದು. ಡಿಪ್ಲೊಮಾ ಮಾಡಿದ್ದ ಒಬ್ಬ ಚುರುಕಿನ ಯುವಕ ಎಲ್ಲರಿಗಿಂತ ಮೊದಲು ಮುಗಿಸಿದ. ನಾಗರಾಜು ಮೂರನೆಯವನು. ಎರಡನೆಯದು ಮಾಡಿದ ಕೆಲಸದ ವರದಿ ಬರೆಯುವುದು. ಉಳಿದವರು ಇಂಗ್ಲಿಷಿನಲ್ಲಿ ಬರೆದರು. ನಾಗರಾಜು ಎರಡು ಸಾಲು ಇಂಗ್ಲಿಷ್ ಬರೆದು, ಹೊಡೆದು ಹಾಕಿ, ಕನ್ನಡದಲ್ಲಿ ಬರೆದ. ಹಣೆಯ ಬೆವರು ಒರೆಸಿಕೊಳ್ಳುತ್ತಿದ್ದ. ಶ್ರೀನಿವಾಸಮೂರ್ತಿಯವರು ಹಾಳೆ ಎತ್ತಿ, “ವರದಿ ಇಂಗ್ಲಿಷ್‌ನಲ್ಲಿ ಇರಬೇಕಲ್ವಾ?” ಎಂದರು.

ಲಲಿತಮ್ಮನವರು ಅದನ್ನು ಓದಿದರು. “ಏನಾಗಿತ್ತು, ಏನು ಮಾಡಿದ, ಅರ್ಥ ಆಯ್ತು. ನಿಮಗೆ ಆಗಲಿಲ್ವಾ?”

“ಆಯ್ತು.”

“ಮತ್ತೆ ಇಡಿ ಕೆಳಗೆ.”

ಅಷ್ಟಾದರೂ ಅವನು ಹಿಂದಿದ್ದ.

ಮೂರನೆಯದು, ಬೇರೆ ಕಡೆಯಿಂದ ಲೈಬ್ರರಿಗೆ ಆ ವಾರವಷ್ಟೇ ಬಂದಿದ್ದ ರುದ್ರಮ್ಮನವರಿಗೆ ಹೊಸ ಸಾಫ್ಟ್‌ವೇರಿನಲ್ಲಿ ಪುಸ್ತಕ ಕೊಡುವುದನ್ನು ಕಲಿಸುವುದು. ಒಬ್ಬೊಬ್ಬರಿಗೆ ಹದಿನೈದು ನಿಮಿಷ. ರುದ್ರಮ್ಮನವರಿಗೆ ಮೌಸ್ ಎಂದರೆ ನಿಜವಾದ ಇಲಿಯಷ್ಟೇ ಭಯ. ಚುರುಕಿನ ಯುವಕ ಅವರ ಕೈಯಿಂದ ಮೌಸ್ ತೆಗೆದುಕೊಂಡು ಪಟಪಟ ಎಂದು ಮಾಡಿ ತೋರಿಸಿ, “ಇಷ್ಟೇ ಮೇಡಂ, ಬಹಳ ಈಸಿ,” ಎಂದ. ಎರಡೇ ನಿಮಿಷ. ಇನ್ನಿಬ್ಬರೂ ಹಾಗೆಯೇ ಮಾಡಿದರು.

ನಾಗರಾಜು ಕೈಯೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

“ಅಕ್ಕಾ, ನಾನು ಮುಟ್ಟಾಕಿಲ್ಲ. ನೀವೇ ಮಾಡಿ. ಪುಸ್ತಕದ ನಂಬರ್ ಎಲ್ಲಿ ಬರೀತಿದ್ರಿ ಮೊದ್ಲು, ರಿಜಿಸ್ಟ್ರಿನಾಗೆ?”

“ಎಡಗಡೆ ಮನೇಲಿ.”

“ಇಲ್ಲೂ ಎಡಗಡೆನೇ ಐತೆ, ನೋಡಿ. ಅಲ್ಗೆ ಹೋಗಿ.”

“ಅಯ್ಯೋ, ಬಾಣ ಓಡೋಯ್ತು!”

“ಓಡ್ಲಿ ಬುಡಿ, ಎಲ್ಲಿಗೋಯ್ತದೆ? ಆ ಗಾಜಿನೊಳ್ಗೇ ಇರ್ಬೇಕಲ್ಲ. ನಿಧಾನಕ್ಕೆ ಕರ್ಕಂಬನ್ನಿ.”

ಹದಿನೈದು ನಿಮಿಷವೂ ಹಿಡಿಯಿತು. ಕೊನೆಗೆ ರುದ್ರಮ್ಮನವರು ತಾವೇ ಒಂದು ಪುಸ್ತಕ ಕೊಟ್ಟು, ವಾಪಸ್ಸು ಪಡೆದು, ಇನ್ನೊಂದು ಕೊಟ್ಟರು. ಮೂರನೆಯದನ್ನು ಯಾರೂ ಹೇಳದೆಯೇ ಶುರುಮಾಡಿದರು.

ಲಲಿತಮ್ಮನವರು ರುದ್ರಮ್ಮನವರನ್ನೇ ಕೇಳಿದರು. “ನಾಳೆ ಇವರು ನಾಲ್ಕೂ ಜನ ಇಲ್ದೆ ಇದ್ರೆ ಯಾರು ಹೇಳಿಕೊಟ್ಟಿದ್ದು ನೆನಪಿರುತ್ತೆ?”

“ಆ ಕೈ ಹಿಂದೆ ಕಟ್ಕೊಂಡಿದ್ರಲ್ಲ, ಅವರದು,” ಎಂದರು ರುದ್ರಮ್ಮ.

ನಾಗರಾಜು ಆಯ್ಕೆಯಾದ. ಆ ಚುರುಕಿನ ಯುವಕನನ್ನು ನಾನು ಕರೆದು ಮಾತಾಡಿಸಿದೆ. ಕೈಯಲ್ಲಿ ವಿದ್ಯೆ ಇತ್ತು. ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಡುವೆಯೇ ಕೆಲಸ ಸಿಕ್ಕಿತೆಂದು ಆಮೇಲೆ ಅವನೇ ಫೋನು ಮಾಡಿದ. ಅವನಿಗೆ ಅದೇ ಸರಿಯಾದ ಜಾಗ.

ಇನ್ನು ನನ್ನ ಕೊನೆಯ ದಿನ. ಹಾರ, ಶಾಲು, ಮೈಸೂರುಪಾಕು ಎಲ್ಲ ಬೆಳಿಗ್ಗೆಯೇ ಮುಗಿದಿತ್ತು. ಮಧ್ಯಾಹ್ನ ಚಾರ್ಜ್ ವಹಿಸಿಕೊಡುವುದು. ಸಾಮಾನಿನ ಪಟ್ಟಿ ನಾಲ್ಕು ಪುಟ, ಒಂದೊಂದನ್ನೂ ನಾಗರಾಜು ಮುಟ್ಟಿ ನೋಡಿ ಗುರುತು ಹಾಕಿದ. ನಾನು ಸಹಿ ಹಾಕಿ ಅದರ ಕೆಳಗೆ ‘ಟೈಪಿಸ್ಟ್’ ಎಂದು ಬರೆದೆ. ಅವನು ಪೆನ್ನು ಹಿಡಿದು ಸಹಿ ಮಾಡಲು ಬಗ್ಗಿದ. ಶ್ರೀನಿವಾಸಮೂರ್ತಿಯವರು, “ನಿಲ್ಲಿ, ನಿಲ್ಲಿ,” ಎಂದು ಕಾಗದ ಎಳೆದುಕೊಂಡರು.

“ಇದು ತಪ್ಪು ಮೇಡಂ. ಕೊಡೋರು, ತಗೊಳ್ಳೋರು ಒಂದೇ ಹುದ್ದೆಲಿರಬೇಕು. ಟೈಪಿಸ್ಟು ತಾಂತ್ರಿಕ ಮೇಲ್ವಿಚಾರಕರಿಗೆ ಚಾರ್ಜ್ ಕೊಡೋ ಹಾಗಿಲ್ಲ. ನಿಯಮದಲ್ಲಿ ಇಲ್ಲ.”

“ಸರ್, ನಾನು ಟೈಪಿಸ್ಟೇ ತಾನೆ?”

“ಟೈಪಿಸ್ಟ್ ಆಗಿದ್ರೆ ನೀವು ಕೊಡಬೇಕಾದ್ದು ಟೈಪ್‌ರೈಟರ್. ಎಲ್ಲಿದೆ?”

“ಗುಜರಿಗೆ ಹೋಗಿ ಎಷ್ಟೋ ವರ್ಷ ಆಯ್ತು.”

“ಹಂಗಾದ್ರೆ ಈ ನಾಲ್ಕು ಪುಟದ ಸಾಮಾನು ಯಾರ ಹತ್ರ ಇತ್ತು?”

“ನನ್ನ ಹತ್ರ.”

“ಯಾವ ಹುದ್ದೆಲಿದ್ದು ಇಟ್ಕೊಂಡಿದ್ರಿ?”

ನಾಗರಾಜು ಕಿಟಕಿ ಕಡೆ ತಿರುಗಿ ನಗು ತಡೆದುಕೊಳ್ಳುತ್ತಿದ್ದ. ಶ್ರೀನಿವಾಸಮೂರ್ತಿಯವರು ನಗಲಿಲ್ಲ. ಅವರು ನನಗೆ ಉಪಕಾರ ಮಾಡಲು ಹೊರಟಿರಲಿಲ್ಲ. ಕಾಗದ ಸರಿಯಿರಬೇಕು, ಅಷ್ಟೇ. ತಾವೇ ಕೂತು ಒಂದು ಆದೇಶ ಸಿದ್ಧಮಾಡಿ, ಕಾರ್ಯದರ್ಶಿಗಳ ಸಹಿ ಹಾಕಿಸಿಕೊಂಡು ತಂದರು. ‘ಶ್ರೀಮತಿ ಗಿರಿಜಾ ಇವರನ್ನು ಈ ದಿನ ತಾಂತ್ರಿಕ ಮೇಲ್ವಿಚಾರಕರ ಹುದ್ದೆಯಲ್ಲಿ ಇರಿಸಿ, ಸದರಿ ಹುದ್ದೆಯ ಪ್ರಭಾರವನ್ನು ವಹಿಸಿಕೊಡಲು ಸೂಚಿಸಿದೆ.’ ಮೇಲಿನಿಂದ ಕೆಳಗಿನವರೆಗೂ ಓದಿದೆ. ಮತ್ತೊಂದು ಸಲ ಓದಿದೆ. ‘ಟೈಪಿಸ್ಟ್’ ಎಂಬುದನ್ನು ಅಡ್ಡಗೆರೆ ಎಳೆದು ಹೊಡೆದು, ಪಕ್ಕದಲ್ಲಿ ಹೊಸ ಹೆಸರು ಬರೆದು, ಸಣ್ಣ ಸಹಿ ಮಾಡಿದೆ. ನಾಗರಾಜು ಕೆಳಗೆ ಸಹಿ ಮಾಡಿದ. ಆ ಹುದ್ದೆಯಲ್ಲಿ ನಾನಿದ್ದದ್ದು ಹೆಚ್ಚೆಂದರೆ ಇಪ್ಪತ್ತು ನಿಮಿಷ.

ಶಾಯಿ ಆರುವ ಮುಂಚೆ ಫೋನು ಬಡಿದುಕೊಂಡಿತು. ಶ್ರೀನಿವಾಸಮೂರ್ತಿಯವರು ಎತ್ತಿ ಕೇಳಿ, ರಿಸೀವರನ್ನು ಕೈಯಿಂದ ಮುಚ್ಚಿಕೊಂಡು, “ಗುಬ್ಬಿಯಿಂದ. ತಾಂತ್ರಿಕ ಮೇಲ್ವಿಚಾರಕರು ಬೇಕಂತೆ,” ಎಂದರು.

ನಾವಿಬ್ಬರೂ ಒಟ್ಟಿಗೆ ಎದ್ದು ನಿಂತೆವು. ನಾನು ಅವನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ನಾನು ಕೂತೆ.